ರಾಶಿಯ ಜ್ವರ ನೋಡುವ ಕೋಲು: ಒಂದು ಮೀಟರ್ ಉದ್ದದ ಡಯಲ್ ಥರ್ಮಾಮೀಟರ್ ಕೊಳ್ಳಬಹುದೇ?

ಶಿವಮೊಗ್ಗದ ಸುತ್ತ ಕಲ್ಲಿದ್ದಲು ಗಣಿ ಒಂದೂ ಇಲ್ಲ. ಗಣಿಯವರ ತಲೆನೋವು ಮಾತ್ರ ಲಾರಿ ಹತ್ತಿ ಇಲ್ಲಿಗೂ ಬರುತ್ತದೆ. ಫೌಂಡ್ರಿಗಳಲ್ಲಿ ಅಚ್ಚಿನ ಮರಳಿಗೆ ಬೆರೆಸುವ ಕೋಲ್ ಡಸ್ಟ್ (ಕಲ್ಲಿದ್ದಲು ಪುಡಿ) ಮೂಟೆಗಳಲ್ಲಿ, ಬಾಯ್ಲರ್ ಇರುವ ಕಡೆ ಅಂಗಳದಲ್ಲಿ ಸುರಿದ ರಾಶಿಯಲ್ಲಿ, ಇದ್ದಿಲು ಗೋದಾಮಿನಲ್ಲಿ, ಭದ್ರಾ ಅಚ್ಚುಕಟ್ಟಿನ ಗದ್ದೆಬಯಲಿನಲ್ಲಿ ಬೇಲರ್ ಕಟ್ಟಿ ಒಟ್ಟಿದ ಹುಲ್ಲಿನ ಪೆಂಡಿಗಳಲ್ಲಿ ಆಗುವುದು ಹೆಚ್ಚುಕಡಿಮೆ ಒಂದೇ. ಯಾರೂ ಕಡ್ಡಿ ಗೀರದೆ ಒಳಗಿನಿಂದಲೇ ಕಾವೇರಿ, ಒಂದು ಬೆಳಗ್ಗೆ ಹೊಗೆ ಕಾಣುತ್ತದೆ. ಹೊಗೆ ಕಾಣುವ ಹೊತ್ತಿಗೆ ಸುಲಭದ ದಾರಿಗಳೆಲ್ಲ ಮುಚ್ಚಿರುತ್ತವೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅಂಥ ರಾಶಿಗಳಿಗೆ ಚುಚ್ಚಿ ನೋಡುವ ಸಾಧನ: ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಕೋಲು, ತುದಿ ಚೂಪು, ತಲೆಯಲ್ಲಿ 100 ಮಿ.ಮೀ. ಡಯಲ್, ಒಳಗೆ ಬೈಮೆಟಲ್ ಸುರುಳಿ (ಎರಡು ಲೋಹ ಬೆಸೆದ, ಕಾವಿಗೆ ತಿರುಚಿ ಮುಳ್ಳು ತಿರುಗಿಸುವ ಪಟ್ಟಿ). ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಒಂದೊಂದು ಅಂಗಡಿಯಲ್ಲಿ ಒಂದೊಂದು ಹೆಸರಿನ ಮಾಲು ಸಿಗುವುದರಿಂದ ಇದು ಯಾವುದೋ ಒಂದು ಬ್ರ್ಯಾಂಡಿನ ಮಾತಲ್ಲ, ಈ ಬಗೆಯ ಕೋಲಿನ ಮಾತು. ಜತೆಗೆ ಅದರ ಎದುರಾಳಿಗಳಾದ ಇನ್‌ಫ್ರಾರೆಡ್ ಗನ್, ಥರ್ಮೋಕಪಲ್ ಮೀಟರ್ (ತಂತಿಯ ತುದಿಯಿಂದ ಉಷ್ಣತೆ ಓದುವಂಥದ್ದು) ಮತ್ತು ಗ್ಯಾಸ್ ಡಿಟೆಕ್ಟರ್‌ಗಳನ್ನೂ ಪಕ್ಕಕ್ಕಿಟ್ಟು ತೂಗಿದ್ದೇವೆ. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎರಡೂವರೆ ಮೀಟರ್ ಎತ್ತರದೊಳಗಿನ ರಾಶಿ, ಮೂಟೆ ಅಟ್ಟಿ, ಹುಲ್ಲಿನ ಬಣವೆಗಳಿಗೆ ಇದಕ್ಕಿಂತ ನಂಬಿಕಸ್ತ ವಸ್ತು ಇಲ್ಲ. ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಅದರ ಕುತ್ತಿಗೆಗೆ. ಆ ಮಾತು ಮುಂದೆ ಬರುತ್ತದೆ.

ಇನ್‌ಫ್ರಾರೆಡ್ ಗನ್ ಇರುವಾಗ ಕೋಲು ಯಾಕೆ ಎಂಬುದು ಎಲ್ಲರ ಮೊದಲ ಪ್ರಶ್ನೆ. ಗನ್ ಅಗ್ಗ, ಕೈಗೆ ಹಗುರ, ಗುಂಡಿ ಒತ್ತಿದರೆ ಅರೆಕ್ಷಣದಲ್ಲಿ ಅಂಕಿ. ಆದರೆ ಅದಕ್ಕೆ ಕಾಣುವುದು ಚರ್ಮ ಮಾತ್ರ. ಸಡಿಲವಾಗಿ ಬಿದ್ದ ಕಲ್ಲಿದ್ದಲು ಒಳ್ಳೆಯ ಕಂಬಳಿ ಇದ್ದ ಹಾಗೆ. ಒಂದು ಮೀಟರ್ ಒಳಗೆ ಹುಟ್ಟಿದ ಕಾವು ಮೇಲ್ಮೈಗೆ ಬರಲು ವಾರಗಟ್ಟಲೆ ಬೇಕು. ಇನ್ನೊಂದು ಕಡೆ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಗನ್ ಹಿಡಿದರೆ ಕರಿ ಮೈ ಬಿಸಿಲಿಗೇ ಕಾದು, ಆರೋಗ್ಯವಾದ ರಾಶಿಯೂ ಜ್ವರ ಬಂದಂತೆ ಅಂಕಿ ತೋರಿಸುತ್ತದೆ. ಅಂದರೆ ಒಳಗೆ ಬೆಂದ ರಾಶಿಗೆ ಗನ್ ಏನೂ ಇಲ್ಲ ಎನ್ನುತ್ತದೆ, ಏನೂ ಆಗದ ರಾಶಿಗೆ ಗಾಬರಿ ಹುಟ್ಟಿಸುತ್ತದೆ. ದೂರದ ಲೆಕ್ಕವೂ ಇದೆ. 12:1 (ದೂರ ಹನ್ನೆರಡಾದರೆ ನೋಡುವ ವೃತ್ತದ ಅಗಲ ಒಂದು) ಎಂದು ಬರೆದಿರುವ ಗನ್ನನ್ನು ಮೂರು ಮೀಟರ್ ದೂರದಿಂದ ಹಿಡಿದರೆ ಅದು 25 ಸೆ.ಮೀ. ಅಗಲದ ವೃತ್ತದ ಸರಾಸರಿ ಕೊಡುತ್ತದೆ; ಕೆಂಪು ಚುಕ್ಕಿ ಬಿದ್ದ ಜಾಗದ ಅಂಕಿ ಅದಲ್ಲ. ಗನ್ ಇದ್ದರೆ ಬಿಸಾಡಬೇಕಿಲ್ಲ. ಸೂರ್ಯ ಹುಟ್ಟುವ ಮೊದಲು ರಾಶಿಯ ಸುತ್ತ ಒಂದು ಸುತ್ತು ಹಾಕಿ, ಅಕ್ಕಪಕ್ಕಕ್ಕಿಂತ ಐದಾರು ಡಿಗ್ರಿ ಹೆಚ್ಚು ತೋರಿಸುವ ಜಾಗ ಹುಡುಕಲು ಅದು ಸಾಕು. ಕೋಲು ಚುಚ್ಚಬೇಕಾದ ಜಾಗ ಅಲ್ಲಿ ಸಿಗುತ್ತದೆ. ನಮ್ಮ ಕಡೆ ಚಳಿಗಾಲದ ಬೆಳಗ್ಗೆ ಕಣ್ಣೇ ಈ ಕೆಲಸ ಮಾಡುತ್ತದೆ. ಇಡೀ ರಾಶಿಯ ಮೇಲೆ ಇಬ್ಬನಿ ಕೂತು ಒಂದು ಮಾರು ಜಾಗ ಮಾತ್ರ ಒಣಗಿದ್ದರೆ, ಅಥವಾ ಅಲ್ಲಿಂದ ಮಾತ್ರ ಆವಿ ಏಳುತ್ತಿದ್ದರೆ, ಒಳಗೆ ಏನೋ ನಡೆದಿದೆ.

ಒಳಗೆ ನಡೆಯುವುದು ಇಷ್ಟು. ಕಲ್ಲಿದ್ದಲು ಗಾಳಿಯ ಆಮ್ಲಜನಕವನ್ನು ಸಾಮಾನ್ಯ ಉಷ್ಣತೆಯಲ್ಲೂ ನಿಧಾನವಾಗಿ ಹೀರುತ್ತದೆ, ಹೀರುವಾಗ ಸ್ವಲ್ಪ ಕಾವು ಬಿಡುತ್ತದೆ. ಆ ಕಾವು ಹೊರಗೆ ಹೋದರೆ ಸರಿ. ಹೋಗದಿದ್ದರೆ ಉಷ್ಣತೆ ಏರುತ್ತದೆ, ಏರಿದಷ್ಟೂ ಹೀರುವ ವೇಗ ಹೆಚ್ಚುತ್ತದೆ. ಸ್ಥೂಲವಾಗಿ ಪ್ರತಿ ಹತ್ತು ಡಿಗ್ರಿಗೆ ವೇಗ ಇಮ್ಮಡಿ. ಅದಕ್ಕೇ ಮೊದಲ ಇಪ್ಪತ್ತು ಡಿಗ್ರಿ ಏರಲು ಒಂದು ತಿಂಗಳು ಹಿಡಿದ ರಾಶಿ ಮುಂದಿನ ಇಪ್ಪತ್ತನ್ನು ವಾರದೊಳಗೆ ಏರಿಬಿಡಬಹುದು. ನುಣ್ಣಗಿನ ಪುಡಿ ಹೆಚ್ಚಿದ್ದರೆ, ಬೂದಿ ಕಡಿಮೆ ಇರುವ ಎಳೆಯ ಕಲ್ಲಿದ್ದಲಾದರೆ, ಒಳಗೆ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇದ್ದರೆ ಇನ್ನೂ ಬೇಗ. ತೇವದ ಆಟ ಬೇರೆಯೇ. ಒಣಗಿದ ಕಲ್ಲಿದ್ದಲು ನೀರು ಹೀರಿಕೊಳ್ಳುವಾಗಲೂ ಕಾವು ಬಿಡುತ್ತದೆ. ಏಪ್ರಿಲ್-ಮೇ ಪೂರ್ತಿ ಒಣಗಿ ಬಿರುಕು ಬಿಟ್ಟ ರಾಶಿಯ ಮೇಲೆ ರೋಹಿಣಿ, ಮೃಗಶಿರಾ ಮಳೆ ಬಿದ್ದಾಗ ಮೇಲಿನ ಪದರ ತಣ್ಣಗಾಗುತ್ತದೆ, ಎಲ್ಲರೂ ನೆಮ್ಮದಿಯಾಗುತ್ತಾರೆ. ಕೋಲು ಹಿಡಿದು ದಿನಾ ನೋಡಬೇಕಾದ ಹದಿನೈದು ದಿನ ಅದೇ. ಮಲೆನಾಡಿನ ಮಳೆ ಬೆಂಕಿಗೆ ಶತ್ರು ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ.

ಗಣಿಯವರು ಇದನ್ನು ಒಂದೇ ಮಾತಿನಲ್ಲಿ ಹಿಡಿಯುತ್ತಾರೆ: ಪೂರ್ತಿ ಗಾಳಿ ಕೊಡು, ಇಲ್ಲವೇ ಪೂರ್ತಿ ಮುಚ್ಚು. ಕಲ್ಲಿದ್ದಲು ತೆಗೆದು ಕುಸಿಯಲು ಬಿಟ್ಟ ಟೊಳ್ಳು ಜಾಗಕ್ಕೆ ಅವರು ಗೋಫ್ ಎನ್ನುತ್ತಾರೆ. ಅಲ್ಲಿ ಉಳಿದ ಪುಡಿ ಕಲ್ಲಿದ್ದಲಿಗೆ ಸೀಳುಗಳಿಂದ ಅಷ್ಟಿಷ್ಟು ಗಾಳಿ ಸೋರುತ್ತದೆ. ಉರಿಯಲು ಸಾಕಾಗುವಷ್ಟು, ತಣಿಸಲು ಸಾಲದಷ್ಟು. ಬೆಂಕಿ ಹುಟ್ಟುವುದು ಈ ಅರೆ ಗಾಳಿಯಲ್ಲಿ. ಅದಕ್ಕೆ ಗಣಿಯ ಒಂದೊಂದು ಪ್ಯಾನೆಲನ್ನೂ (ಕೆಲಸಕ್ಕೆ ಬೇರ್ಪಡಿಸಿದ ಭಾಗವನ್ನೂ), ಕಲ್ಲಿದ್ದಲು ಕಾವೇರಲು ಹಿಡಿಯುವ ತಿಂಗಳುಗಳ ಒಳಗೆ ಕೆಲಸ ಮುಗಿಸಿ, ದಪ್ಪ ಗೋಡೆ ಕಟ್ಟಿ ಮುಚ್ಚಿಬಿಡುವ ಅಳತೆಗೇ ಇಟ್ಟಿರುತ್ತಾರೆ. ಗೋಡೆಯ ಎರಡೂ ಬದಿಯ ಗಾಳಿಯ ಒತ್ತಡ ಸಮ ಮಾಡುತ್ತಾರೆ, ಬೇಕಾದರೆ ಒಳಗೆ ಸಾರಜನಕ ತುಂಬುತ್ತಾರೆ. ಯಾವ ಕಲ್ಲಿದ್ದಲು ಎಷ್ಟು ಮುಂಗೋಪಿ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಕ್ರಾಸಿಂಗ್ ಪಾಯಿಂಟ್ ನೋಡುತ್ತಾರೆ. ಕುಲುಮೆಯನ್ನು ನಿಧಾನಕ್ಕೆ ಕಾಯಿಸುತ್ತಾ ಹೋದಾಗ ಯಾವ ಡಿಗ್ರಿಯಲ್ಲಿ ಕಲ್ಲಿದ್ದಲು ಕುಲುಮೆಯನ್ನೇ ಹಿಂದೆ ಹಾಕಿ ತಾನಾಗಿ ಮುಂದಕ್ಕೆ ಏರುತ್ತದೋ ಅದು. ನಮ್ಮ ದೇಶದ ವಾಡಿಕೆಯಲ್ಲಿ 120ರಿಂದ 140 ಡಿಗ್ರಿಯೊಳಗೆ ಬಂದರೆ ತೀರಾ ಅಪಾಯದ ಮಾಲು, 140ರಿಂದ 160 ಮಧ್ಯಮ, ಅದರ ಮೇಲೆ ಕಡಿಮೆ ಅಪಾಯ. ಕೊಳ್ಳುವಾಗ ವ್ಯಾಪಾರಿಯನ್ನು ಬೂದಿ, ತೇವ, ಕ್ಯಾಲೊರಿ ಮಾತ್ರ ಕೇಳಿ ಸುಮ್ಮನಾಗುವವರೇ ಹೆಚ್ಚು. ಈ ಒಂದು ಅಂಕಿಯನ್ನೂ ಕೇಳಬೇಕು. ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಝಾರ್ಖಂಡಿನ ಝರಿಯಾ ಇದೆ: ಅಲ್ಲಿ ನೆಲದೊಳಗಿನ ಬೆಂಕಿ ಮೊದಲು ಕಂಡದ್ದು 1916ರಲ್ಲಿ, ನೂರು ವರ್ಷ ದಾಟಿದರೂ ಆರಿಲ್ಲ.

ಅಂಗಳದ ರಾಶಿಗೂ ಇದೇ ನಿಯಮ. ಟಿಪ್ಪರ್‌ನಿಂದ ಸುರಿದಾಗ ದೊಡ್ಡ ಉಂಡೆಗಳು ಉರುಳಿ ಬುಡಕ್ಕೆ ಹೋಗುತ್ತವೆ, ಪುಡಿ ಮೇಲೆ ಉಳಿಯುತ್ತದೆ. ಬುಡದ ಉಂಡೆಗಳ ಸಂದಿಯಿಂದ ಗಾಳಿ ನುಗ್ಗಿ, ಇಳಿಜಾರಿನ ಒಳಗಿನಿಂದ ಚಿಮಣಿಯಂತೆ ಮೇಲೇರುತ್ತದೆ. ಆದ್ದರಿಂದ ಕಾವಿನ ಜಾಗ ರಾಶಿಯ ನಟ್ಟನಡುವೆ ಇರುವುದು ಅಪರೂಪ. ಗಾಳಿ ಬೀಸುವ ಕಡೆಯ ಇಳಿಜಾರಿನಲ್ಲಿ, ಮೇಲ್ಮೈಯಿಂದ ಅರ್ಧ ಮೀಟರಿನಿಂದ ಒಂದೂವರೆ-ಎರಡು ಮೀಟರ್ ಒಳಗೆ ಅದು ಇರುತ್ತದೆ. ಒಂದು ಮೀಟರ್ ಕೋಲಿನ ಬೆಲೆ ಇರುವುದು ಇಲ್ಲಿ. ಇಳಿಜಾರಿಗೆ ನೇರವಾಗಿ ಒಳಕ್ಕೆ ಚುಚ್ಚಿದರೆ ಸಣ್ಣ ಮತ್ತು ಮಧ್ಯಮ ರಾಶಿಯಲ್ಲಿ ಅದು ಸರಿಯಾದ ಪದರಕ್ಕೇ ಹೋಗಿ ನಿಲ್ಲುತ್ತದೆ. ನೆತ್ತಿಯ ಮೇಲೆ ನಿಂತು ಕೆಳಕ್ಕೆ ಚುಚ್ಚುವವರು ಸುರಕ್ಷಿತವಾದ ಜಾಗವನ್ನೇ ಅಳೆದು ಬರುತ್ತಾರೆ. ಒಳಗೆ ಬೆಂದು ಟೊಳ್ಳಾಗಿದ್ದರೆ ಕಾಲೂ ಕುಸಿಯುತ್ತದೆ.

ಬಳಸುವ ಕ್ರಮ. ಇಳಿಜಾರಿನ ಬುಡದಿಂದ ಒಂದು ಮೀಟರ್ ಮೇಲೆ, ಸುತ್ತಲೂ ಎರಡು-ಮೂರು ಮೀಟರಿಗೊಂದರಂತೆ ಬಿದಿರಿನ ಗೂಟ ನೆಟ್ಟು ನಂಬರ್ ಬರೆಯಿರಿ. ಪ್ರತಿ ಸಲ ಅದೇ ಗೂಟದ ಪಕ್ಕದಲ್ಲೇ ಚುಚ್ಚಬೇಕು, ಇಲ್ಲದಿದ್ದರೆ ನಿನ್ನೆಯ ಅಂಕಿಗೂ ಇವತ್ತಿನ ಅಂಕಿಗೂ ಸಂಬಂಧ ಇರುವುದಿಲ್ಲ. ಕೋಲಿನ ದಪ್ಪ 8 ಮಿ.ಮೀ. ಇದ್ದರೆ 10 ಮಿ.ಮೀ. ಸರಳಿನಿಂದ ಮೊದಲು ದಾರಿ ಮಾಡಿ. ಆ ದಾರಿ ಕೋಲಿಗಿಂತ ಒಂದು ಗೇಣು ಕಡಿಮೆ ಇರಲಿ. ಕೊನೆಯ ಗೇಣು ಕೋಲೇ ಚುಚ್ಚಿಕೊಂಡು ಹೋಗಬೇಕು. ಬೈಮೆಟಲ್ ಕೋಲಿನಲ್ಲಿ ಉಷ್ಣತೆ ಅರಿಯುವ ಭಾಗ ತುದಿಯ ಐದಾರು ಸೆ.ಮೀ. ಮಾತ್ರ. ಅದರ ಸುತ್ತ ಗಾಳಿಯ ಸಂದು ಉಳಿದರೆ ಅಂಕಿ ಕಡಿಮೆ ಬರುತ್ತದೆ. ತೂತಿನ ಬಾಯಿಗೆ ಒದ್ದೆ ಮಣ್ಣು ಮೆತ್ತಿ. ಆಮೇಲೆ ಕಾಯಬೇಕು. ಕುದಿಯುವ ನೀರಿನಲ್ಲಿ ಒಂದು ನಿಮಿಷದೊಳಗೆ ನಿಲ್ಲುವ ಮುಳ್ಳು ಒಣ ಕಲ್ಲಿದ್ದಲಿನಲ್ಲಿ ನಿಲ್ಲಲು ಹತ್ತು-ಹದಿನೈದು ನಿಮಿಷ ಬೇಡುತ್ತದೆ. ಎರಡು ನಿಮಿಷಕ್ಕೆ ಕಿತ್ತು 38 ಎಂದು ಬರೆದುಕೊಂಡು ಹೋದ ಜಾಗದಲ್ಲಿ ನಿಜಕ್ಕೂ 55 ಇರಬಹುದು. ಈ ಸಾಧನದ ಮೇಲೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಆ ಅವಸರದ್ದೇ. ಅದಕ್ಕೆ ಎರಡು ಕೋಲು ಕೊಳ್ಳುವುದು ಜಾಣತನ: ಒಂದು ಕಾಯುತ್ತಿರುವಾಗ ಇನ್ನೊಂದನ್ನು ಮುಂದಿನ ಗೂಟಕ್ಕೆ ಚುಚ್ಚಬಹುದು.

ಬರೆದಿಟ್ಟ ಅಂಕಿಯನ್ನು ಓದುವ ರೀತಿ ಮುಖ್ಯ. ಒಂದು ಪುಸ್ತಕದ ಪುಟ ಹೀಗಿದೆ ಎನ್ನಿ: ಮೂರನೇ ಗೂಟದಲ್ಲಿ ದಿನ ಬಿಟ್ಟು ದಿನ 52, 52, 51, 52. ಏಳನೇ ಗೂಟದಲ್ಲಿ 38, 40, 44, 51. ದೊಡ್ಡ ಅಂಕಿ ಮೂರನೆಯದರಲ್ಲಿದೆ, ರೋಗ ಏಳನೆಯದರಲ್ಲಿದೆ. ಅಲ್ಲಿ ಏರಿಕೆ ಎರಡು, ನಾಲ್ಕು, ಏಳು ಎಂದು ತಾನೇ ಬೆಳೆಯುತ್ತಿದೆ. ನಮ್ಮ ಲೆಕ್ಕದಲ್ಲಿ 50 ಡಿಗ್ರಿಯವರೆಗೆ ವಾರಕ್ಕೆರಡು ಸಲ ನೋಡಿದರೆ ಸಾಕು. 50 ದಾಟಿದರೆ, ಅಥವಾ ಎಷ್ಟೇ ಇರಲಿ ಏರಿಕೆ ಓಡತೊಡಗಿದರೆ ದಿನಾ. 60 ದಾಟಿದರೆ ಆ ಭಾಗವನ್ನೇ ಮೊದಲು ಬಾಯ್ಲರ್‌ಗೆ ಹಾಕಿ ಮುಗಿಸಿ. 70 ಬಂತೆಂದರೆ ಮುಗಿಸುವ ಯೋಚನೆ ಬಿಟ್ಟು ಲೋಡರ್ ಕರೆಸಿ ಅಗೆಸುವ ಕೆಲಸ.

ಅಗೆಯುವಾಗ ಆಗುವ ತಪ್ಪು ಒಂದೇ, ಎಲ್ಲರೂ ಮಾಡುವುದೂ ಅದನ್ನೇ: ಮೊದಲು ಪೈಪ್ ಹಿಡಿದು ನೀರು ಬಿಡುವುದು. ಮೇಲಿನಿಂದ ಬಿಟ್ಟ ನೀರು ಸಿಕ್ಕ ಸಂದಿಯಲ್ಲಿ ಹರಿದು ಬೇರೆಲ್ಲೋ ಹೊರಬರುತ್ತದೆ. ಕಾವಿನ ಗೂಡಿನ ಸುತ್ತ ಗಟ್ಟಿ ಹೆಂಟೆ ಕಟ್ಟಿರುವುದರಿಂದ ಅಲ್ಲಿಗೆ ಮುಟ್ಟುವುದೇ ಇಲ್ಲ. ನೀರು ಕೊರೆದ ದಾರಿ ಮಾತ್ರ ನಾಳೆಗೆ ಗಾಳಿಯ ದಾರಿಯಾಗುತ್ತದೆ. ಒಳಗೆ ಕೆಂಡವೇ ಆಗಿದ್ದರೆ ಇನ್ನೂ ಕೆಟ್ಟದು: ಕೆಂಪಗೆ ಕಾದ ಇಂಗಾಲದ ಮೇಲೆ ಹಬೆ ಹಾದರೆ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಹುಟ್ಟುತ್ತವೆ. ಒಂದು ವಿಷ, ಇನ್ನೊಂದು ಸಿಡಿಯುವಂಥದ್ದು. ಮೊದಲು ಬಕೆಟ್‌ನಿಂದ ಕಾವಿನ ಭಾಗ ಕಿತ್ತು ಬೇರೆ ಕಡೆ ಒಯ್ದು, ಒಂದಡಿಗಿಂತ ದಪ್ಪ ಆಗದಂತೆ ಹರಡಬೇಕು. ಹರಡಿದ ತೆಳು ಪದರಕ್ಕೆ ಬೇಕಾದರೆ ಆಗ ಸಣ್ಣಗೆ ನೀರು ಚಿಮುಕಿಸಬಹುದು. ಪೂರ್ತಿ ತಣಿದ ಮೇಲೇ ಮತ್ತೆ ಒಟ್ಟುವುದು, ಅದೂ ಅರ್ಧರ್ಧ ಮೀಟರಿನ ಪದರವಾಗಿ ಲೋಡರ್ ಓಡಿಸಿ ತುಳಿಸಿ. ಹಳೆಯ ರಾಶಿಯ ಮೇಲೆ ಹೊಸ ಲೋಡು ಸುರಿಯಲೇಬಾರದು. ಮೊದಲು ಬಂದದ್ದು ಮೊದಲು ಹೋಗಬೇಕು. ಟಾರ್ಪಾಲು ಹೊದಿಸುವುದಾದರೆ ಬುಡಕ್ಕೆ ಸುತ್ತಲೂ ಮಣ್ಣು ಒತ್ತಿ. ನಾಲ್ಕು ಮೂಲೆಗೆ ಕಲ್ಲಿಟ್ಟು ಬಿಟ್ಟ ಟಾರ್ಪಾಲು ಕೆಳಗಿನಿಂದ ಗಾಳಿ ಬಿಟ್ಟುಕೊಂಡು ಮೇಲಿನಿಂದ ಕಾವು ಹಿಡಿದಿಡುತ್ತದೆ. ಅರೆ ಗಾಳಿ ಎಂದರೆ ಅದೇ.

ಈಗ ಕೋಲಿನ ದೋಷಗಳು. ಮೊದಲನೆಯದು ಕುತ್ತಿಗೆ. ಡಯಲ್ ಹಿಂಭಾಗ ಮತ್ತು ಕೋಲು ಸೇರುವ ಬೆಸುಗೆ ಈ ಸಾಧನದ ಅತಿ ಬಡಕಲು ಜಾಗ. ಕೋಲು ಒಳಗೆ ಹೋಗದಿದ್ದಾಗ ಕೆಲಸದವರು ಡಯಲನ್ನೇ ಸ್ಟೀರಿಂಗಿನಂತೆ ಹಿಡಿದು ತಿರುಗಿಸುತ್ತಾರೆ. ಅಲ್ಲಿ ಬಿರುಕು ಬಿಟ್ಟರೆ ಒಳಗಿನ ಕಡ್ಡಿ ಉಜ್ಜಿ ಮುಳ್ಳು ಸಿಕ್ಕಿಕೊಳ್ಳುತ್ತದೆ, ದಿನಾ ಒಂದೇ ಅಂಕಿ ತೋರಿಸುತ್ತದೆ. ಕೆಟ್ಟಿರುವ ಥರ್ಮಾಮೀಟರ್ ನೆಮ್ಮದಿಯ ಅಂಕಿ ಕೊಡುವುದಕ್ಕಿಂತ ಅಪಾಯ ಬೇರೆ ಇಲ್ಲ. ಕುತ್ತಿಗೆಯ ಕೆಳಗೆ ಅಡ್ಡ ಹಿಡಿಕೆ ಬೆಸೆದಿರುವ ಮಾದರಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಸಿಗದಿದ್ದರೆ ಪೈಪ್ ಕ್ಲಾಂಪ್ ಹಾಕಿ ಹಿಡಿಕೆ ಮಾಡಿಸಿ; ಲೇತ್ ಅಂಗಡಿಯಲ್ಲಿ ಅರ್ಧ ಗಂಟೆಯ ಕೆಲಸ. ಎರಡನೆಯದು ಮಂಜು. ಸಾದಾ ಡಯಲ್ ಗಾಜಿನ ಒಳಗೆ ಆಷಾಢದಲ್ಲಿ ನೀರಹನಿ ಕಟ್ಟಿ ಅಂಕಿ ಕಾಣುವುದಿಲ್ಲ. ಗ್ಲಿಸರಿನ್ ತುಂಬಿದ ಡಯಲ್‌ಗೆ ಈ ಕಾಯಿಲೆ ಇಲ್ಲ. ಮೂರನೆಯದು ಲೋಹ. ಪೈರೈಟ್ ಇರುವ ಒದ್ದೆ ಕಲ್ಲಿದ್ದಲು ಆಮ್ಲ ಬಿಡುತ್ತದೆ. 304 ಸ್ಟೇನ್‌ಲೆಸ್ ಮೇಲೆ ಚುಕ್ಕಿ ಚುಕ್ಕಿ ತೂತು ಬೀಳುತ್ತದೆ. 316 ಎಂಬ ದರ್ಜೆಯದನ್ನು ಕೇಳಿ. ಹುಲ್ಲಿಗೆ ಮಾತ್ರವಾದರೆ 304 ಧಾರಾಳ ಸಾಕು.

ಡಯಲ್ ವ್ಯಾಪ್ತಿಯ ಆಯ್ಕೆಯಲ್ಲಿ ಅಂಗಡಿಯವರ ಮಾತು ಕೇಳಬೇಡಿ. ಹೆಚ್ಚು ಇದ್ದರೆ ಒಳ್ಳೆಯದಲ್ಲವೇ ಎಂದು 0-400 ಕೊಡಲು ನೋಡುತ್ತಾರೆ. ನಿಖರತೆ ಪೂರ್ತಿ ವ್ಯಾಪ್ತಿಯ ಶೇಕಡಾ 1 ಎಂದಿದ್ದರೆ 0-400ರಲ್ಲಿ ನಾಲ್ಕು ಡಿಗ್ರಿ ಆಚೀಚೆ, 0-120ರಲ್ಲಿ ಒಂದೂಕಾಲು ಡಿಗ್ರಿಯೊಳಗೆ. ನಮಗೆ ಬೇಕಾದದ್ದು 35ರಿಂದ 80ರವರೆಗಿನ ಸೂಕ್ಷ್ಮ ಏರಿಕೆ. 0-120 ಅಥವಾ 0-150 ಸರಿ.

ಇನ್ನು ಥರ್ಮೋಕಪಲ್. ಮೂರು ಮೀಟರಿಗಿಂತ ಎತ್ತರದ ರಾಶಿಗೆ ಒಂದು ಮೀಟರ್ ಕೋಲು ಗಿಡ್ಡ. ಅಲ್ಲಿ ಒಂದಿಂಚಿನ ಕಬ್ಬಿಣದ ಪೈಪಿನ ತುದಿ ಚಪ್ಪಟೆ ಮಾಡಿ ಬೆಸುಗೆ ಹಾಕಿ ಮುಚ್ಚಿ, ರಾಶಿ ಕಟ್ಟುವಾಗಲೇ ನಿಲ್ಲಿಸಿಬಿಡಬೇಕು. ಅದರೊಳಗೆ ಕೆ-ಟೈಪ್ ಎಂಬ ಬಗೆಯ ಥರ್ಮೋಕಪಲ್ ತಂತಿ ಇಳಿಬಿಟ್ಟು ಒಂದೊಂದು ಮೀಟರಿಗೂ ಅಂಕಿ ತೆಗೆಯಬಹುದು. ತಂತಿಯೇ ಎರಡು ಡಿಗ್ರಿಯಷ್ಟು ಆಚೀಚೆ ಹೇಳಬಹುದು, ಆದರೂ ಏರಿಕೆ ನೋಡಲು ಅಡ್ಡಿಯಿಲ್ಲ. ಪೈಪಿನ ತುದಿ ತೆರೆದಿಟ್ಟರೆ ಮಾತ್ರ ನೀವೇ ರಾಶಿಗೆ ಚಿಮಣಿ ಇಟ್ಟುಕೊಟ್ಟಂತೆ. ಮೇಲಿನ ಬಾಯಿಗೂ ಬಿರಡೆ ಬೇಕು.

ಮುಚ್ಚಿದ ಗೋದಾಮಿನಲ್ಲಿ ಕೋಲಿಗಿಂತ ಮೊದಲು ಸುದ್ದಿ ಕೊಡುವುದು ಕಾರ್ಬನ್ ಮೊನಾಕ್ಸೈಡ್ ಮೀಟರ್. ಗಣಿಯವರು ಕಾಯುವುದೂ ಇದನ್ನೇ. ಹೊಗೆಗೂ ವಾಸನೆಗೂ ಎಷ್ಟೋ ಮೊದಲೇ ಈ ಅನಿಲ ಬರುತ್ತದೆ. ಬರಿಯ ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎಷ್ಟು ಪಾಲು ಅನಿಲ) ನೋಡಿದರೆ ಗಾಳಿ ಹೆಚ್ಚು ಬಿಟ್ಟ ದಿನ ಕಡಿಮೆ, ಕಡಿಮೆ ಬಿಟ್ಟ ದಿನ ಹೆಚ್ಚು ಕಾಣುತ್ತದೆ. ಅದಕ್ಕೆ ಗಣಿಯಲ್ಲಿ ಗ್ರಹಾಂ ಅನುಪಾತ ಹಾಕುತ್ತಾರೆ: ಹುಟ್ಟಿದ ಕಾರ್ಬನ್ ಮೊನಾಕ್ಸೈಡನ್ನು ಖರ್ಚಾದ ಆಮ್ಲಜನಕದಿಂದ ಭಾಗಿಸಿ ನೂರರಿಂದ ಗುಣಿಸುವುದು. ಖರ್ಚು ತಿಳಿಯಲು ಸಾರಜನಕದ ಶೇಕಡಾವನ್ನು 0.265ರಿಂದ ಗುಣಿಸಿ, ಇರುವ ಆಮ್ಲಜನಕವನ್ನು ಕಳೆಯಬೇಕು. ಒಂದು ಮಾದರಿಯಲ್ಲಿ ಸಾರಜನಕ ಶೇಕಡಾ 79.4, ಆಮ್ಲಜನಕ 20.2, ಕಾರ್ಬನ್ ಮೊನಾಕ್ಸೈಡ್ 60 ಪಿಪಿಎಂ ಅಂದರೆ ಶೇಕಡಾ 0.006 ಎಂದುಕೊಳ್ಳಿ. 79.4ನ್ನು 0.265ರಿಂದ ಗುಣಿಸಿದರೆ 21.04, ಖರ್ಚು 0.84, ಅನುಪಾತ 0.71. 0.4ರೊಳಗೆ ಇದ್ದರೆ ಸಹಜ, 0.5 ದಾಟಿದರೆ ಹುಡುಕಾಟ ಶುರು, 1 ದಾಟಿದರೆ ಕಾವೇರಿಕೆ ಖಚಿತ, 3ರ ಮೇಲೆ ಬೆಂಕಿಯೇ. ಗೋದಾಮಿನ ಕೈಮೀಟರಿನಲ್ಲಿ ಈ ಲೆಕ್ಕ ಹಾಕಲಾಗದು, ಅದಕ್ಕೆ ಪ್ರಯೋಗಾಲಯದ ನಿಖರತೆ ಬೇಕು. ಆದರೆ ರಾತ್ರಿ ಬಾಗಿಲು ಹಾಕಿ, ಬೆಳಗ್ಗೆ ಲಾರಿ ಒಳಗೆ ಬರುವ ಮೊದಲು ಅದೇ ಜಾಗದಲ್ಲಿ ದಿನಾ ಓದಿದರೆ ಸೊನ್ನೆಯಿಂದ 4, 4ರಿಂದ 9 ಎಂದು ಏರುವುದು ಕಾಣುತ್ತದೆ. ಮೀಟರಿನ ಅಲಾರಾಂ ಕೂಗಲೆಂದು ಕಾದು ಕೂರಬಾರದು. ಅದು ಮನುಷ್ಯರ ಉಸಿರಿಗೆ ಇಟ್ಟ ಮಿತಿ, ರಾಶಿಗೆ ಇಟ್ಟದ್ದಲ್ಲ. ಪಕ್ಕದಲ್ಲಿ ಇನ್ವರ್ಟರ್ ಅಥವಾ ಫೋರ್ಕ್‌ಲಿಫ್ಟ್ ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಅಲ್ಲಿಂದ ಬರುವ ಹೈಡ್ರೋಜನ್ನಿಗೂ ಈ ಸೆನ್ಸರ್ ಅಂಕಿ ಏರಿಸುತ್ತದೆ. ಸೆನ್ಸರ್ ಆಯುಷ್ಯ ಎರಡು-ಮೂರು ವರ್ಷ. ಬಾಕ್ಸಿನ ಮೇಲಿನ ತಯಾರಿಕೆ ತಿಂಗಳು ನೋಡಿ ಕೊಳ್ಳಿ.

ಫೌಂಡ್ರಿಯವರಿಗೆ ಒಂದು ಮೀಟರ್ ಕೋಲು ಹೆಚ್ಚಾಯಿತು. ಕೋಲ್ ಡಸ್ಟ್ ಮೂಟೆಗೆ ಒಂದಡಿ ಕೋಲು ಸಾಕು. ಮಿಲ್ಲಿನಲ್ಲಿ ಬೀಸಿ ಬಿಸಿಯಾಗಿರುವಾಗಲೇ ಹೊಲಿದು ಲಾರಿಗೆ ಹೇರಿದ ಮೂಟೆಯೇ ಇಲ್ಲಿನ ಮುಖ್ಯ ಕಳ್ಳ. ಇಳಿಸುವಾಗ ಲೋಡಿನ ನಡುವಿನ ನಾಲ್ಕೈದು ಮೂಟೆಗೆ ಚುಚ್ಚಿ ನೋಡಿ. ಮೈಯ ಕಾವಿಗಿಂತ ಹೆಚ್ಚಿದ್ದರೆ ಅಟ್ಟಿ ಕಟ್ಟದೆ ಬಿಡಿಬಿಡಿಯಾಗಿ ನಿಲ್ಲಿಸಿ. ಅಟ್ಟಿ ಕಟ್ಟಿದರೂ ಎರಡು ಮೂಟೆ ಅಗಲಕ್ಕೆ ಮೀರಬಾರದು, ಕೆಳಗೆ ಪ್ಯಾಲೆಟ್, ಗೋಡೆಯಿಂದ ಒಂದೂವರೆ ಅಡಿ ದೂರ. ಚೆಲ್ಲಿದ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವುದು ಬೇಡ. ತೇಲುವ ಕಲ್ಲಿದ್ದಲು ಪುಡಿಗೆ ಕಿಡಿ ತಾಗಿದರೆ ಸ್ಫೋಟ.

ಇದ್ದಿಲಿನವರಿಗೆ ನೆನಪಿರಬೇಕಾದದ್ದು ಹೊಸತು-ಹಳತಿನ ಭೇದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದರ ಊದುಕುಲುಮೆಗೆ ಹಾಕುತ್ತಿದ್ದದ್ದು ಮಲೆನಾಡಿನ ಕಟ್ಟಿಗೆ ಸುಟ್ಟ ಇದ್ದಿಲನ್ನೇ. ಇದ್ದಿಲು ನಮಗೆ ಹೊಸದಲ್ಲ, ಅದರ ಗುಣ ಮರೆತಿದ್ದೇವೆ ಅಷ್ಟೆ. ಗೂಡಿನಿಂದ ಆಗಷ್ಟೇ ತೆಗೆದ ಇದ್ದಿಲು ಗಾಳಿಯನ್ನು ಹಸಿದವರಂತೆ ಹೀರುತ್ತದೆ, ಆ ಕಾವಿಗೇ ಹೊತ್ತಿಕೊಳ್ಳುತ್ತದೆ. ಹಡಗು ಸಾಗಣೆಯ ನಿಯಮದಲ್ಲಿ ಇದ್ದಿಲು 4.2ನೇ ವರ್ಗ, ಅಂದರೆ ತಾನಾಗಿ ಹೊತ್ತಿಕೊಳ್ಳುವ ಸರಕು. ಕಡೇಪಕ್ಷ ಒಂದು ದಿನವಾದರೂ ತೆಳ್ಳಗೆ ಹರಡಿ ಗಾಳಿಗೆ ಬಿಟ್ಟು, ಕೋಲು ಚುಚ್ಚಿ ಹೊರಗಿನ ಉಷ್ಣತೆಗೆ ಬಂದಿದೆ ಎಂದು ಖಾತ್ರಿಯಾದ ಮೇಲೇ ಚೀಲಕ್ಕೆ ತುಂಬಿ.

ಹುಲ್ಲಿನ ಮಾತು ಬಂದರೆ ಹಳಬರ ಸಲಾಕೆ ಪರೀಕ್ಷೆಗೆ ಈಗಲೂ ಮರ್ಯಾದೆ ಇದೆ. ಬಣವೆಗೆ ಕಬ್ಬಿಣದ ಸಲಾಕೆ ಚುಚ್ಚಿ ಅರ್ಧ ಗಂಟೆ ಬಿಟ್ಟು, ಎಳೆದು ಅಂಗೈಯಲ್ಲಿ ಹಿಡಿಯುವುದು; ಹಿಡಿಯಲಾಗದಷ್ಟು ಸುಟ್ಟರೆ ಬಣವೆ ಬಿಚ್ಚುವುದು. ಅಂಗೈ ಸಲಾಕೆಯನ್ನು ಬಿಡುವುದು ಹೆಚ್ಚುಕಡಿಮೆ 60 ಡಿಗ್ರಿಗೆ, ಅಂದರೆ ಎಚ್ಚರದ ಗೆರೆಗೇ. ಕೋಲು ಅದೇ ಕೆಲಸವನ್ನು ಅಂಕಿಯಲ್ಲಿ ಮಾಡುತ್ತದೆ. ಹುಲ್ಲಿನಲ್ಲಿ ಮೊದಲು ಕಾವು ಹುಟ್ಟಿಸುವುದು ಸೂಕ್ಷ್ಮಜೀವಿಗಳು. 70ರ ಸುಮಾರಿಗೆ ಅವು ಸಾಯುತ್ತವೆ, ಆಮೇಲೆ ಕಲ್ಲಿದ್ದಲಿನಂತೆ ರಾಸಾಯನಿಕವಾಗಿಯೇ ಏರುತ್ತದೆ. ಬೇಲರ್ ಪೆಂಡಿಯ ತೇವ ಶೇಕಡಾ 20ರ ಮೇಲಿದ್ದರೆ ಈ ಆಟ ಶುರು. 55ರವರೆಗೆ ಚಿಂತೆ ಇಲ್ಲ, 65ಕ್ಕೆ ದಿನಾ ನೋಡಿ, 70 ದಾಟಿದರೆ ನಾಲ್ಕು ಗಂಟೆಗೊಮ್ಮೆ. 80 ಕಂಡರೆ ಪೆಂಡಿ ಎಳೆಯಲು ಹೋಗಬೇಡಿ, ಮೊದಲು 101 ಅಥವಾ 112ಕ್ಕೆ ಫೋನ್ ಮಾಡಿ. ಪೆಂಡಿ ಎಳೆದ ಕ್ಷಣ ಒಳಗೆ ಗಾಳಿ ನುಗ್ಗಿ ಭಗ್ಗೆಂದು ಹತ್ತುತ್ತದೆ. ಒಟ್ಟಿದ ಪೆಂಡಿಯ ಮೇಲೆ ಹತ್ತಲೇಬೇಕಾದರೆ ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿ. ತಂಬಾಕಿನಂಥ, ಬೆಲ್ಲ ಸೀದಂಥ ವಾಸನೆ ಬರುತ್ತಿದ್ದರೆ ಕೋಲು ಬರುವವರೆಗೂ ಕಾಯಬೇಕಿಲ್ಲ.

ಕೊಂಡು ತಂದ ದಿನವೇ ಒಂದು ಪರೀಕ್ಷೆ ಮಾಡಿ, ವರ್ಷಕ್ಕೊಮ್ಮೆ ಮತ್ತೆ ಮಾಡಿ. ಪಾತ್ರೆಯಲ್ಲಿ ಐಸ್ ಪುಡಿ ಮಾಡಿ ಸ್ವಲ್ಪ ನೀರು ಹಾಕಿ ಕಲಸಿ, ತುದಿಯ ಒಂದು ಗೇಣು ಮುಳುಗಿಸಿ ಐದು ನಿಮಿಷ ಬಿಟ್ಟರೆ ಮುಳ್ಳು ಸೊನ್ನೆಗೆ ಬರಬೇಕು. ಆಮೇಲೆ ಕುದಿಯುವ ನೀರು. ಇಲ್ಲಿ 100 ನಿರೀಕ್ಷಿಸಿ ಅಂಗಡಿಯವರ ಜತೆ ಜಗಳಕ್ಕೆ ಇಳಿಯಬೇಡಿ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ನೀರು ಇಲ್ಲಿ ಸುಮಾರು 98ಕ್ಕೇ ಕುದಿಯುತ್ತದೆ, ಆಗುಂಬೆಯಲ್ಲಿ ಇನ್ನೂ ತುಸು ಕಡಿಮೆಗೆ. ವ್ಯತ್ಯಾಸ ಎರಡು ಡಿಗ್ರಿಗಿಂತ ಹೆಚ್ಚಿದ್ದರೆ ಡಯಲ್ ಹಿಂದಿನ ನಟ್ಟು ತಿರುಗಿಸಿ ಸರಿ ಮಾಡಬಹುದು. ಆ ನಟ್ಟು ಇಲ್ಲದ ಮಾದರಿ ಕೊಳ್ಳಬೇಡಿ. ಐಸಿನಲ್ಲೂ ಕುದಿ ನೀರಿನಲ್ಲೂ ಒಂದೇ ಬದಿಗೆ ಒಂದೇ ಅಳತೆಯ ತಪ್ಪು ಬಂದರೆ ಮಾತ್ರ ನಟ್ಟಿಗೆ ಕೈ ಹಾಕಿ. ಒಂದರಲ್ಲಿ ಹೆಚ್ಚು ಇನ್ನೊಂದರಲ್ಲಿ ಕಡಿಮೆ ಬಂದರೆ ಒಳಗಿನ ಸುರುಳಿ ಹೋಗಿದೆ, ಬಿಲ್ಲು ಹಿಡಿದು ವಾಪಸ್ ಕೊಡಿ.